ದಮ್ಮು ಅಂದ್ರೆ ಆಸ್ತಮಾ ಅಂತ ಯಾರು ಹೇಳಿದ್ದು?

ಹೋದ ವಾರ ವಿಜಯಪುರದ ಒಂದು ಔಷಧಿ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದವರು ‘ಅವ್ವಗ ದಮ್ಮೈತ್ರಿ, ಗುಳಿಗಿ ಕೊಡ್ರಿ’ ಅಂದರು. ಎಷ್ಟು ದಿನದಿಂದ, ಯಾವ ಹೊತ್ತಿಗೆ ಅಂತ ಅಂಗಡಿಯವರು ಒಂದು ಮಾತೂ ಕೇಳಲಿಲ್ಲ. ಆಸ್ತಮಾ ಗುಳಿಗೆ ಕಟ್ಟಿ ಕೊಟ್ಟರು. ಇಂಥದ್ದನ್ನು ನೋಡಿ ನೋಡಿ ಸಾಕಾಗಿದೆ. ಮನೆಯಲ್ಲಿ, ಬಸ್ಸಿನಲ್ಲಿ, ಮೊಬೈಲಿಗೆ ಬರುವ ಮನೆಮದ್ದಿನ ಸಂದೇಶಗಳಲ್ಲಿ, ಎಲ್ಲ ಕಡೆ ದಮ್ಮು ಅಂದರೆ ಆಸ್ತಮಾ. ಅದು ತಪ್ಪು. ಈ ತಪ್ಪಿಗೆ ನಮ್ಮ ಮನೆಯಲ್ಲೇ ಒಬ್ಬರು ಎರಡು ವರ್ಷ ಒದ್ದಾಡಿದ್ದಾರೆ.

ಮೊದಲು ಪದ. ‘ದಮ್’ ಪರ್ಶಿಯನ್ ಮಾತು, ಅರ್ಥ ಉಸಿರು. ಕ್ಷಣ ಅನ್ನುವ ಅರ್ಥವೂ ಇದೆ. ಒಂದು ಉಸಿರಿನಷ್ಟು ಹೊತ್ತು. ಆದಿಲ್‌ಶಾಹಿಗಳ ವಿಜಯಪುರದಲ್ಲಿ ದರ್ಬಾರಿನ ತುಂಬ ಪರ್ಶಿಯನ್ ಇತ್ತು. ಅಂಥ ಪದಗಳು ನಮ್ಮ ಕಡೆಯ ಮಾತಿನಲ್ಲಿ ಎಷ್ಟು ಬೆರೆತಿವೆ ಅಂದರೆ, ಹೊರಗಿನವು ಅಂತ ಅನ್ನಿಸುವುದೇ ಇಲ್ಲ. ‘ದಮ್ ಇದ್ರ ಬಾ’ ಅಂದಾಗ ಉಸಿರೇ ತಾಕತ್ತು. ‘ದಮ್ ಹೊಡಿ’ ಅಂದಾಗ ಬೀಡಿಯ ಎಳೆತ. ‘ಸ್ವಲ್ಪ ದಮ್ ತಗೋ’ ಅಂದರೆ ಸುಧಾರಿಸಿಕೋ. ಬಿರಿಯಾನಿಯ ದಮ್ ಕೂಡ ಇದೇ. ಪಾತ್ರೆಯ ಬಾಯಿ ಕಟ್ಟಿ ಹಬೆಯನ್ನು ಒಳಗೇ ಹಿಡಿದಿಡುವುದು. ‘ದಮ್ಮಯ್ಯ’ ಮಾತ್ರ ಈ ಬಳಗದ್ದಲ್ಲ, ಅದು ‘ಧರ್ಮ’ದಿಂದ ಬಂದದ್ದು. ಶಮ-ದಮ ಅನ್ನುವಾಗಿನ ‘ದಮ’ವೂ ಬೇರೆ. ಅದು ಸಂಸ್ಕೃತದ್ದು, ಹತೋಟಿ ಅಂತ ಅರ್ಥ. ಕೆಲವರು ‘ಧಮ್’ ಅಂತ ಬರೆಯುತ್ತಾರೆ. ಮೂಲದಲ್ಲಿ ಮಹಾಪ್ರಾಣ ಇಲ್ಲ, ದಯವಿಟ್ಟು ಹಾಕಬೇಡಿ.

ಗೋಳಗುಮ್ಮಟದ ಮೆಟ್ಟಿಲು ಹತ್ತಿ ಮೇಲೆ ಹೋದವರಿಗೆಲ್ಲ ದಮ್ ಹತ್ತುತ್ತದೆ. ಅವರಿಗೆಲ್ಲ ಆಸ್ತಮಾ ಇದೆಯಾ? ದಮ್ಮು ಅಂದರೆ ಉಸಿರಿಗೆ ಕಷ್ಟ ಆಗುವುದು, ಅಷ್ಟೇ. ಜ್ವರ ಇದ್ದ ಹಾಗೆ ಅದೊಂದು ಲಕ್ಷಣ. ಯಾಕೆ ಬಂತು ಅಂತ ಆಮೇಲೆ ಹುಡುಕಬೇಕು. ಮರಾಠಿಯಲ್ಲಿ ಆಸ್ತಮಾಕ್ಕೆ ‘ದಮಾ’ ಅನ್ನುತ್ತಾರೆ. ಬೆಳಗಾವಿ ಕಡೆ ಎರಡೂ ಭಾಷೆ ಒಂದೇ ಓಣಿಯಲ್ಲಿ ಓಡಾಡುತ್ತವೆ. ಗೊಂದಲ ಬೆಳೆದದ್ದಕ್ಕೆ ಅದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಗ್ರೀಕ್ ಮೂಲದ ‘ಆಸ್ತಮಾ’ಕ್ಕೂ ಮೊದಲಿದ್ದ ಅರ್ಥ ಏದುಸಿರು ಅಂತಲೇ. ಒಂದು ರೋಗಕ್ಕೆ ಮೀಸಲಾದದ್ದು ಆಮೇಲೆ. ಕನ್ನಡದಲ್ಲಿ ಆ ರೋಗಕ್ಕೆ ‘ಗೂರಲು’ ಅನ್ನುವ ಒಳ್ಳೆಯ ಪದ ಇದೆ. ಯಾರೂ ಬಳಸುವುದಿಲ್ಲ.

ನಮ್ಮ ಸೋದರತ್ತೆ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯವರು. ಕೊಡ ಹೊತ್ತರೆ ದಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ಎರಡು ವರ್ಷ ಆಸ್ತಮಾ ಔಷಧಿ ನುಂಗಿದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸುತ್ತಿತ್ತು, ಹಾಗಾಗಿ ಎಲ್ಲರೂ ಸುಮ್ನಿದ್ದೆವು. ಕೊನೆಗೆ ಒಬ್ಬ ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 6 ಇತ್ತು. ಹೆಂಗಸರಿಗೆ 12ಕ್ಕಿಂತ ಕಡಿಮೆ ಆದರೇ ರಕ್ತಹೀನತೆ. ಆಕ್ಸಿಮೀಟರ್ ಸುಳ್ಳು ಹೇಳಿರಲಿಲ್ಲ. ಇರುವ ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಅಂತ ಅದು ಹೇಳುತ್ತದೆ. ಹಿಮೋಗ್ಲೋಬಿನ್ನೇ ಅರ್ಧ ಇದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಮುಟ್ಟಿನ ವಿಪರೀತ ರಕ್ತಸ್ರಾವಕ್ಕೆ ಚಿಕಿತ್ಸೆ ಆಯಿತು, ಕಬ್ಬಿಣಾಂಶದ ಗುಳಿಗೆ ಶುರುವಾಯಿತು. ಕೆಲವು ತಿಂಗಳಲ್ಲಿ ದಮ್ಮು ಹೋಯಿತು.

ಇನ್ನೊಂದು ದೊಡ್ಡ ಕಾರಣ ಹೃದಯ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಆರಾಮ, ಸಂಜೆಗೆ ಪಾದ ಊದುತ್ತದೆ. ಹೀಗಿದ್ದರೆ ಹೃದಯ ಸೋತಿರಬಹುದು. ಆಗಲೂ ಎದೆ ಸುಯ್ ಅನ್ನಬಹುದು, ಆಸ್ತಮಾದ ಹಾಗೇ. ಸಕ್ಕರೆ ಕಾಯಿಲೆ ಇದ್ದವರಿಗೆ ಎದೆನೋವೇ ಇಲ್ಲದೆ ಬರೀ ದಮ್ಮಾಗಿ ಹೃದಯಾಘಾತ ಬರುವುದೂ ಉಂಟು.

ಆಮೇಲೆ ನಾವು ಉಸಿರಾಡುವ ಗಾಳಿ. ಕಟ್ಟಿಗೆ ಒಲೆಯ ಮುಂದೆ ಮೂವತ್ತು ವರ್ಷ ಕೂತ ಹೆಂಗಸಿಗೆ, ಬೀಡಿಯನ್ನೇ ಮುಟ್ಟದಿದ್ದರೂ, ಬೀಡಿ ಸೇದುವವರ ಪುಪ್ಪುಸದ ರೋಗವೇ ಬರಬಹುದು. ಇಳಕಲ್ಲಿನ ಕೆಂಪು ಗ್ರಾನೈಟ್ ಚೆಂದ, ಆದರೆ ಯಾವುದೇ ಗ್ರಾನೈಟ್ ಕೊಯ್ಯುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್, ಅಂದರೆ ಪುಪ್ಪುಸ ಗಟ್ಟಿಯಾಗುವ ರೋಗ. ಬೂಸ್ಟು ಹಿಡಿದ ಕಬ್ಬಿನ ಸಿಪ್ಪೆಯ ದೂಳಿನಿಂದ ಬರುವ ರೋಗಕ್ಕೆ ಬಗಾಸೋಸಿಸ್ ಅಂತ ಹೆಸರೇ ಇದೆ. ಇಷ್ಟು ಸಕ್ಕರೆ ಕಾರ್ಖಾನೆ ಇರುವ ನಮ್ಮ ಕಡೆ ಎಷ್ಟು ಜನ ಆ ಹೆಸರು ಕೇಳಿದ್ದೀರಿ? ರಾಶಿ ಮಾಡುವಾಗ, ಸಿಪ್ಪೆ ಎತ್ತುವಾಗ ದಮ್ಮು ಬಂದು, ರಜೆಯಲ್ಲಿ ಹೋಗುತ್ತದೆ ಅಂದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಎರಡು ವಾರ ದಾಟಿದ ಕೆಮ್ಮು ಜೊತೆಗಿದ್ದರೆ ಕ್ಷಯ ಇರಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಕಫ ಪರೀಕ್ಷೆ ಪುಕ್ಕಟೆ.

ಎಲ್ಲ ಪರೀಕ್ಷೆ ಸರಿ ಬಂದರೂ ಕೆಲವರಿಗೆ ಉಸಿರು ‘ತುಂಬುವುದಿಲ್ಲ’. ಪದೇ ಪದೇ ನಿಟ್ಟುಸಿರು, ಬೆರಳು ಜುಮ್ ಜುಮ್. ಗಾಬರಿಯಲ್ಲಿ ಉಸಿರು ಜಾಸ್ತಿ ಆಡಿ ಹೀಗಾಗುತ್ತದೆ. ಇದು ನಿಜವಾದ ಕಷ್ಟ, ನಾಟಕ ಅಲ್ಲ. ಆದರೆ ‘ಟೆನ್ಶನ್’ ಅನ್ನುವ ಮಾತು ಪರೀಕ್ಷೆ ಮುಗಿದ ಮೇಲೆ ಬರಬೇಕು, ಮೊದಲೇ ಅಲ್ಲ. ಹೆಂಗಸರ ವಿಷಯದಲ್ಲಿ ಇದು ಯಾವಾಗಲೂ ಮೊದಲೇ ಬರುತ್ತದೆ.

ದಮ್ಮು ಬಂದಾಗ ಮಲಗಬೇಡಿ. ಕೂತು ಮುಂದಕ್ಕೆ ಬಾಗಿ, ಮೊಣಕೈ ತೊಡೆಗೆ ಊರಿ. ಮೂಗಿನಿಂದ ತಗೊಂಡು, ಬಿಸಿ ಚಹಾ ಊದುವ ಹಾಗೆ ತುಟಿ ಕಿರಿದು ಮಾಡಿ ನಿಧಾನ ಬಿಡಿ. ಫ್ಯಾನಿನ ಗಾಳಿ ಮುಖಕ್ಕೆ ಬಡಿದರೂ ಎಷ್ಟೋ ಹಗುರ. ಕಾಗದದ ಚೀಲದಲ್ಲಿ ಉಸಿರಾಡುವ ಹಳೇ ಉಪಾಯ ಬೇಡ, ಕಾರಣ ಹೃದಯದಲ್ಲಿದ್ದರೆ ಅಪಾಯ. ಆಸ್ತಮಾ ಅಂತ ಊದಿಸುವ ಪರೀಕ್ಷೆ ಮಾಡಿ ಗೊತ್ತಾಗಿದ್ದರೆ ಇನ್‌ಹೇಲರಿಗೆ ಹೆದರಬೇಡಿ. ‘ಪಂಪ್ ಚಟ ಆಗ್ತದ’ ಅಂತ ಹೆದರಿ ಸ್ಟೀರಾಯ್ಡ್ ಗುಳಿಗೆ ನುಂಗುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಗುಳಿಗೆಯಲ್ಲಿ ಮಿಲಿಗ್ರಾಂ ಲೆಕ್ಕ, ಇನ್‌ಹೇಲರಿನಲ್ಲಿ ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ಸಾವಿರದಲ್ಲಿ ಒಂದು ಪಾಲು. ಸ್ಟೀರಾಯ್ಡ್ ಇರುವ ಪಂಪ್ ಆದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಿ, ಸಾಕು.

ಒಂದು ಮಾತು ಪೂರ್ತಿ ಆಡಲಾಗದಷ್ಟು ದಮ್ಮು, ನೀಲಿಯಾದ ತುಟಿ, ಎದೆನೋವು, ಅಥವಾ ಒಂದೇ ಕಾಲು ಊದಿ ಏಕಾಏಕಿ ಉಸಿರು ಕಟ್ಟಿದ್ದು, ಇವಕ್ಕೆ 108ಕ್ಕೆ ಕರೆ ಮಾಡಬೇಕು, ಔಷಧಿ ಅಂಗಡಿಗಲ್ಲ. ಉಳಿದಂತೆ ಡಾಕ್ಟರ ಮುಂದೆ ಕೂತಾಗ ಬರೀ ‘ದಮ್ಮೈತ್ರಿ’ ಅನ್ನಬೇಡಿ. ‘ಎರಡು ತಿಂಗಳಾತ್ರಿ, ಮಲಗಿದ್ರ ಬರ್ತದ, ಕುಂತ್ರ ಹೋಗ್ತದ, ಸಂಜಿಗೆ ಕಾಲು ಬಾಯ್ತಾವ’ ಅನ್ನಿ.