ತಪ್ಪು ಮಾಡಿದ ಪೈಲಟ್ ಕೈಗೆ ಮತ್ತೆ ವಿಮಾನ ಕೊಡಬೇಕೇ?

1998ರ ಫೆಬ್ರವರಿ 3. ಇಟಲಿಯ ಕವಲೇಸೆ ಊರಿನ ಹತ್ತಿರ, ಬೆಟ್ಟಗಳ ನಡುವಿನ ಕಣಿವೆಯಲ್ಲಿ ಅಮೆರಿಕದ ಮರೀನ್ ಪಡೆಯ ವಿಮಾನವೊಂದು ತರಬೇತಿ ಹಾರಾಟ ನಡೆಸುತ್ತಿತ್ತು. ಇರಬೇಕಾದ ಎತ್ತರಕ್ಕಿಂತ ತುಂಬಾ ಕೆಳಗೆ ಹಾರುತ್ತಿತ್ತು. ಹಾಗೇ ಹೋಗಿ ರೋಪ್‌ವೇ ಕೇಬಲ್ ಕತ್ತರಿಸಿಬಿಟ್ಟಿತು. ಕ್ಯಾಬಿನ್ ನೆಲಕ್ಕೆ ಬಿತ್ತು, ಒಳಗಿದ್ದ 20 ಜನರೂ ಸತ್ತರು. ವಿಮಾನ ಮಾತ್ರ ಪೆಟ್ಟು ತಿಂದರೂ ತನ್ನ ನೆಲೆಗೆ ವಾಪಸ್ ಬಂದು ಇಳಿಯಿತು.

ಪೈಲಟ್ ಕೋರ್ಟ್ ಮಾರ್ಷಲ್ ಎದುರಿಸಿದರು. ಆ 20 ಸಾವುಗಳ ಆರೋಪದಿಂದ ಅವರು ಖುಲಾಸೆಯಾದರು. ಆದರೆ ವಿಮಾನದೊಳಗೆ ತೆಗೆದಿದ್ದ ವಿಡಿಯೋ ಟೇಪನ್ನು ನಾಶ ಮಾಡಿದ್ದಕ್ಕೆ ಸಂಬಂಧಿಸಿದ ಇನ್ನೊಂದು ಪ್ರಕರಣದಲ್ಲಿ ಆರು ತಿಂಗಳ ಜೈಲು ಶಿಕ್ಷೆಯಾಯಿತು, ಸೇನೆಯಿಂದಲೂ ವಜಾ ಆದರು. ಜೊತೆಗಿದ್ದ ನ್ಯಾವಿಗೇಟರ್ ಕೂಡ ಕೆಲಸ ಕಳೆದುಕೊಂಡರು.

ಇಟಲಿಯ ಜನ ಸಿಟ್ಟಾದರು. ಜೀವ ಹೋಗಿದ್ದಕ್ಕೆ ಶಿಕ್ಷೆ ಇಲ್ಲ, ಟೇಪ್ ಹೋಗಿದ್ದಕ್ಕೆ ಶಿಕ್ಷೆ ಇದೆ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ ಅಲ್ವಾ? ಪೈಲಟ್ ಬಳಿ ಇದ್ದ ನಕ್ಷೆಯಲ್ಲಿ ಆ ಕೇಬಲ್ ಇರಲೇ ಇಲ್ಲ ಅನ್ನುವುದು ನಿಜ. ಆದರೆ ಅವರು ಕೇಬಲ್ ಇರುವುದನ್ನು ಯಾಕೆ ನಿರೀಕ್ಷಿಸಲಿಲ್ಲ ಅನ್ನುವುದಕ್ಕೆ ಮಾತ್ರ ಅದು ಉತ್ತರ. ಅಷ್ಟು ಕೆಳಗೆ ಯಾಕೆ ಹಾರುತ್ತಿದ್ದರು ಅನ್ನುವುದಕ್ಕೆ ಅಲ್ಲ. ಟೇಪ್ ವಿಷಯದಲ್ಲಿ ಕೊಟ್ಟ ಶಿಕ್ಷೆ ಮಾತ್ರ ಸರಿ ಎಂದೇ ನನ್ನ ಅಭಿಪ್ರಾಯ. ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳಿಗೆ ಒಂದು ವಿಚಿತ್ರ ತೊಂದರೆ ಇತ್ತು. ವಿಮಾನ ಸರಿಯಾಗಿಯೇ ಇಳಿಯುತ್ತಿತ್ತು, ರನ್‌ವೇ ಮೇಲೆ ಓಡುತ್ತಿರುವಾಗ ಇದ್ದಕ್ಕಿದ್ದಂತೆ ಚಕ್ರ ಮಡಚಿಕೊಂಡು ಹೊಟ್ಟೆ ಮೇಲೆ ಕುಸಿಯುತ್ತಿತ್ತು. ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಕೆಳಗೆ ಬಾಗಿಸುವ ಪಟ್ಟಿ) ಎತ್ತಲು ಹೋದ ಪೈಲಟ್ ಚಕ್ರ ಎತ್ತಿಬಿಡುತ್ತಿದ್ದರು. ವರದಿಯಲ್ಲಿ ‘ಪೈಲಟ್ ತಪ್ಪು’ ಎಂದು ಬರೆದು ಮುಗಿಸುತ್ತಿದ್ದರು. ಆಲ್ಫಾನ್ಸ್ ಚಪಾನಿಸ್ ಎಂಬ ಯುವ ಮನೋವಿಜ್ಞಾನಿ 1943ರಲ್ಲಿ ಕಾಕ್‌ಪಿಟ್ ಒಳಗೆ ಹೋಗಿ ನೋಡಿದರು. ಎರಡೂ ಸ್ವಿಚ್ ಅಕ್ಕಪಕ್ಕದಲ್ಲೇ ಇದ್ದವು, ನೋಡಲು ಒಂದೇ ಥರ. ಸಿ-47 ಎಂಬ ಸಾಗಣೆ ವಿಮಾನದಲ್ಲಿ ಅವು ಬೇರೆ ಥರ ಇದ್ದವು, ಅದರ ಪೈಲಟ್‌ಗಳಿಗೆ ಈ ತೊಂದರೆ ಇರಲಿಲ್ಲ. ಸುಸ್ತಾದ ಕೈ, ಕತ್ತಲು, ಗಂಟೆಗಟ್ಟಲೆ ಯುದ್ಧ ಮಾಡಿ ಬಂದ ತಲೆ, ಇಷ್ಟೆಲ್ಲ ಇದ್ದಾಗ ಬೆರಳು ಪಕ್ಕದ ಸ್ವಿಚ್‌ಗೆ ಹೋಗುವುದು ಯಾರದೋ ಒಬ್ಬರ ದೋಷ ಹೇಗಾಗುತ್ತದೆ? ಚಪಾನಿಸ್ ಚಕ್ರದ ಹಿಡಿಕೆಗೆ ಪುಟ್ಟ ರಬ್ಬರ್ ಗಾಲಿ ಸಿಕ್ಕಿಸಿದರು, ಫ್ಲ್ಯಾಪ್ ಹಿಡಿಕೆಗೆ ಬೇರೆ ಆಕಾರ ಕೊಟ್ಟರು. ಮುಟ್ಟಿದರೇ ಗೊತ್ತಾಗಬೇಕು, ಅಷ್ಟೇ. ಇವತ್ತಿಗೂ ವಿಮಾನಗಳಲ್ಲಿ ಆ ಹಿಡಿಕೆ ಗಾಲಿಯ ಆಕಾರದಲ್ಲೇ ಇರುತ್ತದೆ.

ಆ ಪೈಲಟ್‌ಗಳನ್ನೆಲ್ಲ ಮನೆಗೆ ಕಳಿಸಿದ್ದರೆ ಅವರ ಜಾಗಕ್ಕೆ ಬಂದವರೂ ಅದೇ ಸ್ವಿಚ್ ಎಳೆಯುತ್ತಿದ್ದರು.

ಸುರಕ್ಷತಾ ತನಿಖೆಗಳಲ್ಲಿ ಕೇಳುವ ಒಂದು ಮುಖ್ಯ ಪ್ರಶ್ನೆ ಹುಟ್ಟುವುದೂ ಇಂಥ ಯೋಚನೆಯಿಂದಲೇ. ಇಷ್ಟೇ ತರಬೇತಿ, ಇಷ್ಟೇ ಅನುಭವ ಇರುವ ಇನ್ನೊಬ್ಬರನ್ನು ಅದೇ ಸೀಟಿನಲ್ಲಿ ಕೂರಿಸಿದರೆ ಅವರೂ ಇದನ್ನೇ ಮಾಡುತ್ತಿದ್ದರೇ? ಕೇಳುವುದು ಸುಲಭ, ಪ್ರಾಮಾಣಿಕವಾಗಿ ಉತ್ತರಿಸುವುದು ಕಷ್ಟ. ಯಾಕೆಂದರೆ ಕೊನೆಗೆ ಏನಾಯಿತು ಅನ್ನುವುದು ನಮಗೆ ಆಗಲೇ ಗೊತ್ತಿರುತ್ತದೆ. 1975ರಲ್ಲಿ ಬರೂಕ್ ಫಿಶಾಫ್ ಎಂಬ ಸಂಶೋಧಕರು ಬ್ರಿಟಿಷರು ಮತ್ತು ಗೂರ್ಖರ ನಡುವಿನ ಹಳೆಯ ಯುದ್ಧದ ಕಥೆಯನ್ನು ಜನರಿಗೆ ಓದಲು ಕೊಟ್ಟರು. ಒಂದೊಂದು ಗುಂಪಿಗೆ ಒಂದೊಂದು ಅಂತ್ಯ ಹೇಳಿದರು. ಪ್ರತಿ ಗುಂಪಿಗೂ ತಮಗೆ ಹೇಳಿದ ಅಂತ್ಯವೇ ಜಾಸ್ತಿ ಸಂಭವನೀಯ ಅನ್ನಿಸಿತು. ಅಪಘಾತದ ತನಿಖೆಗೆ ಕುಳಿತವರೂ ಮನುಷ್ಯರೇ. ಅದೇ ತಪ್ಪಿನಿಂದ ಯಾರಿಗೂ ಏನೂ ಆಗದಿದ್ದರೆ ಒಂದು ಎಚ್ಚರಿಕೆ, ಜನ ಸತ್ತರೆ ಜೈಲು ಅನ್ನುವ ತೀರ್ಪಿನಲ್ಲಿ ನಾವು ಅಳೆಯುವುದು ತಪ್ಪನ್ನಲ್ಲ, ಅದೃಷ್ಟವನ್ನು.

ಹಾಗಂತ ಎಲ್ಲರಿಗೂ ಸುಮ್ನೆ ಇನ್ನೊಂದು ಅವಕಾಶ ಕೊಡುತ್ತಾ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಫೇರ್‌ಚೈಲ್ಡ್ ವಾಯುನೆಲೆಯ ಕಥೆ ಇದೆ. ಅಲ್ಲಿನ ಒಬ್ಬ ಹಿರಿಯ ಬಿ-52 ಬಾಂಬರ್ ಪೈಲಟ್ 1991ರಿಂದಲೂ ಏರ್ ಶೋಗಳಲ್ಲಿ ನಿಯಮ ಮುರಿದು ಹಾರಿಸುತ್ತಿದ್ದರು. ಅತಿಯಾಗಿ ವಾಲಿಸುವುದು, ಅತಿ ಕೆಳಗೆ ತರುವುದು. ಎಲ್ಲರಿಗೂ ಗೊತ್ತಿತ್ತು. ಮೇಲಧಿಕಾರಿಗಳು ಬಾಯಿಮಾತಿನಲ್ಲಿ ಗದರಿಸಿ ಬಿಡುತ್ತಿದ್ದರು, ಕಾಗದದ ಮೇಲೆ ಏನೂ ಬರುತ್ತಿರಲಿಲ್ಲ. ಅಧಿಕಾರಿ ಬದಲಾದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಒಬ್ಬ ಸ್ಕ್ವಾಡ್ರನ್ ಕಮಾಂಡರ್ ಮಾತ್ರ ಇವರ ಹಾರಾಟ ನಿಲ್ಲಿಸಿ ಎಂದು ಕೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಸರಿ, ನನ್ನ ಹುಡುಗರು ಇವರ ಜೊತೆ ಹಾರುವುದಾದರೆ ನಾನೂ ವಿಮಾನದಲ್ಲಿ ಇರುತ್ತೇನೆ ಎಂದು ಅವರು ತೀರ್ಮಾನಿಸಿದರು. 1994ರ ಜೂನ್ 24ರಂದು ಏರ್ ಶೋ ಅಭ್ಯಾಸದಲ್ಲಿ ಆ ವಿಮಾನ ನೆಲಕ್ಕಪ್ಪಳಿಸಿ ನಾಲ್ವರೂ ಸತ್ತರು. ಆ ಕಮಾಂಡರ್ ಕೂಡ ಅವರಲ್ಲಿ ಒಬ್ಬರು. ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇಲ್ಲಿ ಕೈ ತಪ್ಪಿ ಪಕ್ಕದ ಸ್ವಿಚ್‌ಗೆ ಹೋಗಿದ್ದಲ್ಲ. ಗೊತ್ತಿದ್ದೂ ಮಾಡಿದ್ದು, ಗೊತ್ತಿದ್ದೂ ಬಿಟ್ಟಿದ್ದು. ಆಮೇಲೆ ಒಬ್ಬ ಮೇಲಧಿಕಾರಿ ಕರ್ತವ್ಯಲೋಪ ಒಪ್ಪಿಕೊಂಡರು.

ಈಗ ಟೇಪ್ ವಿಷಯ. ಯಾವ ತಪ್ಪು ಸ್ವಿಚ್‌ನದು, ಯಾವುದು ಹುಂಬತನದ್ದು ಎಂದು ಬೇರೆ ಮಾಡಬೇಕಾದರೆ ನಡೆದದ್ದು ನಡೆದ ಹಾಗೇ ಗೊತ್ತಾಗಬೇಕು. ಕಾಕ್‌ಪಿಟ್ ಒಳಗೆ ಏನಾಯಿತು ಅನ್ನುವುದು ಎಷ್ಟೋ ಸಲ ಒಬ್ಬರಿಗೋ ಇಬ್ಬರಿಗೋ ಮಾತ್ರ ಗೊತ್ತಿರುತ್ತದೆ. ಅದಕ್ಕೇ ಅಮೆರಿಕದ ವಾಯುಪಡೆಯಲ್ಲಿ ದೊಡ್ಡ ಅಪಘಾತವಾದರೆ ಸಾಮಾನ್ಯವಾಗಿ ಎರಡು ಬೇರೆ ಬೇರೆ ತನಿಖೆ ನಡೆಯುತ್ತವೆ. ಒಂದು ಸುರಕ್ಷತೆಗೆ. ಅಲ್ಲಿ ಗೋಪ್ಯತೆಯ ಭರವಸೆ ಪಡೆದು ಪೈಲಟ್ ಹೇಳಿದ್ದನ್ನು ಅವರ ಶಿಕ್ಷೆಗೆ ಬಳಸುವಂತಿಲ್ಲ. ಇನ್ನೊಂದು ಕಾನೂನಿಗೆ, ಅದು ತನ್ನ ಸಾಕ್ಷ್ಯವನ್ನು ತಾನೇ ಹುಡುಕಿಕೊಳ್ಳಬೇಕು. ಸತ್ಯ ಹೇಳಿದವರಿಗೆ ಇಷ್ಟು ರಕ್ಷಣೆ ಕೊಟ್ಟ ಮೇಲೆ, ಸತ್ಯವನ್ನೇ ಅಳಿಸಿದವರಿಗೆ ಶಿಕ್ಷೆ ಕಠಿಣವಾಗಿರಲೇಬೇಕು.

ಎರಡನೇ ಅವಕಾಶ ಅಂದರೆ ಬೆನ್ನು ತಟ್ಟಿ ಕಳಿಸುವುದಲ್ಲ. ಅಮೆರಿಕದ ನೌಕಾಪಡೆಯಲ್ಲಿ ಇದಕ್ಕೆಂದೇ ಒಂದು ಮಂಡಳಿ ಕೂರುತ್ತದೆ. ವಿಮಾನ ಹಾರಿಸಿ ಗೊತ್ತಿರುವ ಅಧಿಕಾರಿಗಳೇ ಅದರಲ್ಲಿ ಇರುತ್ತಾರೆ, ಹಾರಾಟದ ವೈದ್ಯರೂ ಇರುತ್ತಾರೆ. ಪೈಲಟ್‌ನ ಹಳೆಯ ದಾಖಲೆ, ತರಬೇತಿ, ಆರೋಗ್ಯ, ತಪ್ಪಿನ ಬಗ್ಗೆ ಅವರದೇ ತಿಳಿವಳಿಕೆ ಎಲ್ಲ ನೋಡುತ್ತಾರೆ. ಮತ್ತೆ ಹಾರಲು ಬಿಡಬಹುದು, ಸ್ವಲ್ಪ ಕಾಲ ನಿಗಾ ಇಟ್ಟು ಬಿಡಬಹುದು, ಹಾರಾಟ ಪೂರ್ತಿ ನಿಲ್ಲಿಸಲೂಬಹುದು.

ಆದರೂ ಈ ವ್ಯವಸ್ಥೆ ಎಲ್ಲ ಕಡೆ ಒಂದೇ ಥರ ನಡೆಯುವುದಿಲ್ಲ. 2023ರ ಸೆಪ್ಟೆಂಬರ್ 17ರಂದು ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಮರೀನ್ ಪಡೆಯ ಎಫ್-35ಬಿ ವಿಮಾನ ಮೋಡ ಮಳೆಯ ನಡುವೆ ಇಳಿಯುತ್ತಿತ್ತು. ವಿದ್ಯುತ್ ತೊಂದರೆಯಾಗಿ ಪೈಲಟ್ ಮುಂದಿನ ಡಿಸ್‌ಪ್ಲೇಗಳು ಹೋದವು. ವಿಮಾನ ಕೈ ತಪ್ಪಿದೆ ಎಂದುಕೊಂಡು ಸುಮಾರು 1,900 ಅಡಿ ಎತ್ತರದಲ್ಲಿ ಅವರು ಇಜೆಕ್ಟ್ ಆದರು, ಅಂದರೆ ಸೀಟಿನ ಸಮೇತ ಹೊರಗೆ ಚಿಮ್ಮಿ ಪ್ಯಾರಾಚೂಟ್‌ನಲ್ಲಿ ಇಳಿದರು. ಖಾಲಿ ವಿಮಾನ ಇನ್ನೂ 11 ನಿಮಿಷ ಹಾರಿ ಬಿದ್ದಿತು. ವಿಮಾನ ಹಾರುವ ಸ್ಥಿತಿಯಲ್ಲೇ ಇತ್ತು, ಪೈಲಟ್ ತಪ್ಪಾಗಿ ಅಂದಾಜಿಸಿದರು ಎಂದಿತು ತನಿಖೆ. ವಿಮಾನ ಕೈ ತಪ್ಪುವುದು ಅಂದರೇನು ಎಂದು ಕೈಪಿಡಿ ಹೇಳಿದ್ದು ತೀರಾ ಸಡಿಲವಾಗಿತ್ತು, ಅದೂ ಒಂದು ಕಾರಣ ಎಂದೂ ಅದೇ ತನಿಖೆ ಹೇಳಿತು. ಆಮೇಲೆ ಅವರನ್ನು ಸ್ಕ್ವಾಡ್ರನ್ ಮುಖ್ಯಸ್ಥ ಸ್ಥಾನದಿಂದ ತೆಗೆದರು.

ನನಗೆ ಚಿಂತೆ ಮುಂದಿನ ಪೈಲಟ್‌ನದು. ಅವರೂ ಈ ಸುದ್ದಿ ಓದಿರುತ್ತಾರೆ. ಮೋಡದೊಳಗೆ ಡಿಸ್‌ಪ್ಲೇ ಆರಿಹೋದಾಗ, ನೆಲ ಎರಡು ಸಾವಿರ ಅಡಿಯೂ ದೂರ ಇಲ್ಲದಿರುವಾಗ, ಇಜೆಕ್ಟ್ ಆಗುವ ಹಿಡಿಕೆ ಎಳೆಯಲೋ ಬೇಡವೋ ಎಂದು ನಿರ್ಧರಿಸಲು ಅವರಿಗೆ ಸಿಗುವುದು ಕೆಲವೇ ಸೆಕೆಂಡು. ಅದರಲ್ಲಿ ಒಂದು ಸೆಕೆಂಡು ಕೂಡ ಕೆಲಸ ಹೋಗುತ್ತದೆಯೋ ಏನೋ ಎಂಬ ಯೋಚನೆಗೆ ಖರ್ಚಾಗಬಾರದು.