121.8 ಕೆಇವಿ ಗೆರೆಯ ಹಿಂದೆ ಏನಿದೆ?

ಗಾಮಾ ಕಿರಣ ಅಳೆಯುವ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಒಂದು ಯುರೋಪಿಯಂ-152 ಸೋರ್ಸ್ ಇರುತ್ತದೆ. ಡಿಟೆಕ್ಟರ್ ಕ್ಯಾಲಿಬ್ರೇಟ್ ಮಾಡಲು ಬಹಳ ಅನುಕೂಲ. ಅರ್ಧಾಯುಷ್ಯ ಸುಮಾರು 13.5 ವರ್ಷ, ಹಾಗಾಗಿ ಒಮ್ಮೆ ತಂದರೆ ಬೇಗ ಹಳತಾಗುವುದಿಲ್ಲ. ಅದರ ಗಾಮಾ ಕಿರಣಗಳ ಶಕ್ತಿ ತೋರಿಸುವ ಗೆರೆಗಳೂ ಧಾರಾಳ: 121.8, 244.7, 344.3 ಹೀಗೆ 1408 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ತನಕ. ವಿದ್ಯಾರ್ಥಿಗಳಿಗೆ ಈ ಸಂಖ್ಯೆಗಳು ಬಾಯಿಪಾಠ. ಆದರೆ ಇವು ಯಾವ ನ್ಯೂಕ್ಲಿಯಸ್‌ನಿಂದ ಬರುತ್ತವೆ ಎಂದು ಕೇಳಿ, ಹೆಚ್ಚಿನವರು ಯುರೋಪಿಯಂ ಅಂದುಬಿಡುತ್ತಾರೆ.

ಯುರೋಪಿಯಂ ಬರೀ ಆರಂಭ ಅಷ್ಟೆ. ನೂರರಲ್ಲಿ ಸುಮಾರು 72 ಸಲ ಅದು ತನ್ನದೇ ಒಂದು ಎಲೆಕ್ಟ್ರಾನನ್ನು ನುಂಗಿ ಸಮೇರಿಯಂ-152 ಆಗುತ್ತದೆ. ಉಳಿದ 28 ಸಲ ಬೀಟಾ ಕಣ ಹೊರಹಾಕಿ ಗ್ಯಾಡೊಲಿನಿಯಂ-152 ಆಗುತ್ತದೆ. ಹೀಗೆ ಹುಟ್ಟಿದ ನ್ಯೂಕ್ಲಿಯಸ್ ಉದ್ರಿಕ್ತ ಸ್ಥಿತಿಯಲ್ಲಿ, ಅಂದರೆ ಹೆಚ್ಚುವರಿ ಶಕ್ತಿ ತುಂಬಿಕೊಂಡು ಇರುತ್ತದೆ, ಗಾಮಾ ಬಿಡುತ್ತಾ ಮೆಟ್ಟಿಲಿಳಿಯುತ್ತದೆ. 121.8 ಮತ್ತು 244.7 ಸಮೇರಿಯಂನ ಕೊನೆಯ ಎರಡು ಮೆಟ್ಟಿಲು. 344.3 ಮತ್ತು 411.1 ಗ್ಯಾಡೊಲಿನಿಯಂನವು.

ಈಗ ಸ್ವಲ್ಪ ಲೆಕ್ಕ. ಪ್ರತಿ ಮೆಟ್ಟಿಲಿಗೂ, ಅಂದರೆ ಶಕ್ತಿಯ ಮಟ್ಟಕ್ಕೂ, ಒಂದು ಸ್ಪಿನ್ ಇರುತ್ತದೆ, ಅದು ನ್ಯೂಕ್ಲಿಯಸ್‌ನ ಕೋನೀಯ ಸಂವೇಗ ಹೇಳುವ ಸಂಖ್ಯೆ. ಸಮೇರಿಯಂನಲ್ಲಿ ಸ್ಪಿನ್ 2ರ ಮಟ್ಟ 121.8ರಲ್ಲಿದೆ. ಸ್ಪಿನ್ 4ರದ್ದು ಎರಡೂ ಗೆರೆ ಕೂಡಿಸಿದರೆ 366.5. ಭಾಗಿಸಿದರೆ 3.01. ಗ್ಯಾಡೊಲಿನಿಯಂನಲ್ಲಿ 755.4ನ್ನು 344.3ರಿಂದ ಭಾಗಿಸಿದರೆ 2.19. ನಮ್ಮ ಕಸುಬಿನಲ್ಲಿ ಹೊಸ ನ್ಯೂಕ್ಲಿಯಸ್ ಕೈಗೆ ಬಂದರೆ ಮೊದಲು ನೋಡುವುದೇ ಈ ಅನುಪಾತ. ಎರಡರಲ್ಲೂ ಇರುವುದು 152 ಕಣ. ಸಮೇರಿಯಂನಲ್ಲಿ 90 ನ್ಯೂಟ್ರಾನ್, ಗ್ಯಾಡೊಲಿನಿಯಂನಲ್ಲಿ 88. ಇಷ್ಟಕ್ಕೇ ನಡವಳಿಕೆ ಇಷ್ಟು ಬೇರೆ ಯಾಕೆ?

ನ್ಯೂಕ್ಲಿಯಸ್ ಗುಂಡಗಿದ್ದರೆ ಅದು ಸುತ್ತಿದರೂ ಸುತ್ತದಿದ್ದರೂ ಒಂದೇ. ಕ್ವಾಂಟಂ ಲೆಕ್ಕದಲ್ಲಿ ಅಂಥ ಸುತ್ತಿಗೆ ಅರ್ಥವೇ ಇಲ್ಲ. ಅದು ಮಾಡಬಹುದಾದ್ದು ಮೈ ಅದುರಿಸುವುದು. ಒಂದು ಅದುರಿಗೆ ಇಷ್ಟು ಶಕ್ತಿ ಅಂದರೆ ಎರಡಕ್ಕೆ ಅದರ ಎರಡರಷ್ಟು, ಅನುಪಾತ 2. ನ್ಯೂಕ್ಲಿಯಸ್ ಉದ್ದಕ್ಕೆ ಚಾಚಿಕೊಂಡಿದ್ದರೆ ಮಾತ್ರ ಅದು ಸುತ್ತಿದ್ದು ಗೊತ್ತಾಗುತ್ತದೆ. ಆಗ ಶಕ್ತಿ ಸ್ಪಿನ್ ಗುಣಿಸು (ಸ್ಪಿನ್ ಕೂಡಿಸು ಒಂದು), ಅಂದರೆ 6, 20, 42ರ ಲೆಕ್ಕದಲ್ಲಿ ಏರುತ್ತದೆ, ಅನುಪಾತ 3.33. ಈ ಚಿತ್ರವನ್ನು 1950ರ ದಶಕದ ಆರಂಭದಲ್ಲಿ ಕಟ್ಟಿದವರು ಓಗೆ ಬೋರ್ ಮತ್ತು ಬೆನ್ ಮೋಟೆಲ್ಸನ್. ನ್ಯೂಕ್ಲಿಯಸ್ ಗುಂಡಗಿರಬೇಕಿಲ್ಲ ಎಂದು 1950ರಲ್ಲೇ ಹೇಳಿದ ಜೇಮ್ಸ್ ರೈನ್‌ವಾಟರ್ ಜೊತೆ ಅವರಿಗೆ 1975ರ ನೊಬೆಲ್ ಬಂತು.

ಹಾಗಾದರೆ ಸಮೇರಿಯಂ-152 ಸುತ್ತುವ ನ್ಯೂಕ್ಲಿಯಸ್, ಗ್ಯಾಡೊಲಿನಿಯಂ-152 ಅದುರುವ ನ್ಯೂಕ್ಲಿಯಸ್. ಮುಗೀತಲ್ವಾ? ಪಠ್ಯಪುಸ್ತಕವಾದರೆ ಇಲ್ಲಿಗೆ ಅಧ್ಯಾಯ ಮುಗಿಸುತ್ತಿತ್ತು. ನನಗೆ ಕುತೂಹಲ ಶುರುವಾಗುವುದೇ ಇಲ್ಲಿಂದ. ಮಾಡೆಲ್ ಎಷ್ಟು ಹೊಂದಿತು ಅನ್ನುವುದಕ್ಕಿಂತ ಎಲ್ಲಿ, ಯಾವ ಕಡೆಗೆ ತಪ್ಪಿತು ಅನ್ನುವುದು ಜಾಸ್ತಿ ಹೇಳುತ್ತದೆ.

ಗಟ್ಟಿಯಾದ ವಸ್ತು ಸುತ್ತುತ್ತಿದ್ದರೆ ಸಮೇರಿಯಂನ ಸ್ಪಿನ್ 4 ಮಟ್ಟ 406ರಲ್ಲಿರಬೇಕಿತ್ತು, ಇರುವುದು 366.5ರಲ್ಲಿ. ಸ್ಪಿನ್ 6ರದ್ದು 853 ಇರಬೇಕಿತ್ತು, ಇರುವುದು 706.9. ಜೋರಾಗಿ ಸುತ್ತಿದಷ್ಟೂ ಲೆಕ್ಕಕ್ಕಿಂತ ಕೆಳಗೆ. ಅಂದರೆ ಸುತ್ತುತ್ತಾ ಸುತ್ತುತ್ತಾ ಅದರ ಜಡತ್ವ ಭ್ರಮಣಾಂಕ (ಮೊಮೆಂಟ್ ಆಫ್ ಇನರ್ಶಿಯಾ, ಸುತ್ತಿಸಲು ಹೊರಟರೆ ಎದುರಾಗುವ ಜಡತೆ) ಹೆಚ್ಚುತ್ತಿದೆ. ಮೊದಲ ಮೆಟ್ಟಿಲಿನಲ್ಲಿ ಅದು ಗಟ್ಟಿ ವಸ್ತುವಿಗೆ ಇರಬೇಕಾದ್ದರ ಅರ್ಧದಷ್ಟೂ ಇಲ್ಲ. ಹಸಿ ಮೊಟ್ಟೆ ತಿರುಗಿಸಿದರೆ ಒಳಗಿನ ಲೋಳೆ ಚಿಪ್ಪಿನ ಜೊತೆ ಪೂರ್ತಿ ತಿರುಗುವುದಿಲ್ಲವಲ್ಲ, ಅಂಥದ್ದೇ ಇದು. ಕಾರಣ, ಒಳಗಿನ ಪ್ರೋಟಾನ್, ನ್ಯೂಟ್ರಾನ್‌ಗಳು ಜೋಡಿ ಜೋಡಿಯಾಗಿ ಕೂಡಿಕೊಂಡಿರುತ್ತವೆ. ಸುತ್ತು ಜೋರಾದಂತೆ ಈ ಜೋಡಿ ಸಡಿಲವಾಗುತ್ತದೆ, ಜೊತೆಗೆ ಆಕಾರವೂ ಸ್ವಲ್ಪ ಚಾಚುತ್ತದೆ.

ಗ್ಯಾಡೊಲಿನಿಯಂನದ್ದೂ ಶುದ್ಧ ಅದುರಲ್ಲ. ಎರಡು ಅದುರು ಸೇರಿದಾಗ ಸ್ಪಿನ್ 0, 2, 4ರ ಮೂರು ಮಟ್ಟ ಒಂದೇ ಎತ್ತರದಲ್ಲಿರಬೇಕು, 688.6ರಲ್ಲಿ. ಸಿಗುವುದು 615, 931 ಮತ್ತು 755. ಇಷ್ಟು ಚೆದುರಿದ್ದನ್ನು ಒಂದೇ ಮನೆಯವು ಅನ್ನಲು ಸ್ವಲ್ಪ ಧೈರ್ಯ ಬೇಕು.

ಗುಂಡಗಿನಿಂದ ಉದ್ದಕ್ಕೆ ಹೊರಳುವ ಆ ಅಂಚಿಗೇ ಒಂದು ಮಾಡೆಲ್ ಇದ್ದರೆ? 2001ರಲ್ಲಿ ಫ್ರಾಂಚೆಸ್ಕೊ ಯಾಕೆಲ್ಲೊ ಅದನ್ನೇ ಮಾಡಿದರು, ಎಕ್ಸ್(5) ಎಂದು ಹೆಸರು. ಅದೇ ವರ್ಷ ರಿಕ್ ಕಾಸ್ಟನ್ ಮತ್ತು ವಿಕ್ಟರ್ ಝಂಫೀರ್, ಇದಕ್ಕೆ ಉದಾಹರಣೆ ಸಮೇರಿಯಂ-152 ಎಂದು ತೋರಿಸಿದರು. ಮಾಡೆಲ್ ಹೇಳುವ ಅನುಪಾತ ಸುಮಾರು 2.9, ಅಳತೆ 3.01. ಎಲ್ಲಕ್ಕಿಂತ ಕೆಳಗಿನ ಮಟ್ಟದ ಸ್ಪಿನ್ 0. ಎರಡನೇ ಸ್ಪಿನ್ 0 ಮಟ್ಟದ ಎತ್ತರ ಮೊದಲ ಸ್ಪಿನ್ 2ರದ್ದರ 5.65 ಪಟ್ಟು ಇರಬೇಕು ಅನ್ನುತ್ತದೆ ಮಾಡೆಲ್. ಅದು ಇರುವುದು 684.7ರಲ್ಲಿ, ಅಂದರೆ 5.62. ಇದನ್ನು ಮೊದಲ ಸಲ ನೋಡಿದವರು ಬೆರಗಾಗದೆ ಇರುವುದು ಕಷ್ಟ.

ಆದರೆ ಅದೇ ಮಟ್ಟದ ಮೇಲೆ ಇನ್ನೊಂದು ಮೆಟ್ಟಿಲು ಹತ್ತಿ ನೋಡಿ. ಅಲ್ಲಿ ಸ್ಪಿನ್ 2 ಇರುವುದು 810.5ರಲ್ಲಿ, ನಡುವಿನ ಅಂತರ 125.8. ಮಾಡೆಲ್ ಪ್ರಕಾರ ಅದು 219ರ ಆಸುಪಾಸು ಇರಬೇಕು. ಇದು ಸಣ್ಣ ತಪ್ಪಲ್ಲ. 125.8 ಅನ್ನುವುದು 121.8ಕ್ಕೆ ಎಷ್ಟು ಹತ್ತಿರ ಇದೆ ನೋಡಿ. ಮೇಲಿನ ಮೆಟ್ಟಿಲುಗಳೂ ಕೆಳಗಿನಂತೆಯೇ ಸುತ್ತುವ ನ್ಯೂಕ್ಲಿಯಸ್‌ನ ಲಕ್ಷಣ ತೋರಿಸುತ್ತಿವೆ. ಎರಡು ಬೇರೆ ಆಕಾರಗಳು ಒಂದೇ ನ್ಯೂಕ್ಲಿಯಸ್‌ನಲ್ಲಿ ಅಕ್ಕಪಕ್ಕ ಬದುಕುತ್ತಿವೆ ಎಂದು ಕೆಲವರು ವಾದಿಸಿದ್ದು ಇಂಥ ಅಳತೆಗಳನ್ನು ಇಟ್ಟುಕೊಂಡೇ. ನನ್ನನ್ನು ಕೇಳಿದರೆ, ನಾನು ಇದನ್ನು ಮೆತ್ತಗಿನ, ಆದರೆ ಸುತ್ತುವ ನ್ಯೂಕ್ಲಿಯಸ್ ಎಂದೇ ಬರೆದುಕೊಳ್ಳುತ್ತೇನೆ. ಎಕ್ಸ್(5)ನವರು ಒಪ್ಪಲಿಕ್ಕಿಲ್ಲ.

ಮಟ್ಟಗಳ ಎತ್ತರ ಮಾತ್ರ ನೋಡಿದರೆ ಸಾಲದು ಅನ್ನುವುದಕ್ಕೂ ಈ 121.8 ಗೆರೆಯೇ ಸಾಕ್ಷಿ. ಆ ಮಟ್ಟದ ಅರ್ಧಾಯುಷ್ಯ 1.4 ನ್ಯಾನೋಸೆಕೆಂಡ್. ಒಂದೇ ಪ್ರೋಟಾನ್ ಮೇಲಿಂದ ಕೆಳಗೆ ಜಿಗಿದರೆ ಹೊಮ್ಮುವ ಬಲಕ್ಕೆ ಹೋಲಿಸಿದರೆ ಇಲ್ಲಿನ ಗಾಮಾ ಬಲ ಸುಮಾರು 144 ಪಟ್ಟು. ಇದು ಒಂಟಿ ಕಣದ ಕೆಲಸ ಆಗಲು ಸಾಧ್ಯವೇ ಇಲ್ಲ. ಅದಕ್ಕೇ ನನ್ನ ವಿದ್ಯಾರ್ಥಿಗಳು ಹೊಸ ಮಾಡೆಲ್ ತಂದರೆ ಶಕ್ತಿಯ ಪಟ್ಟಿಯನ್ನು ಪಕ್ಕಕ್ಕಿಟ್ಟು, ಗಾಮಾ ಬಲದ ಪಟ್ಟಿ ಮತ್ತು ಎರಡನೇ ಸಾಲಿನ ಮೆಟ್ಟಿಲುಗಳನ್ನು ಮೊದಲು ಕೇಳುತ್ತೇನೆ.