ಮ್ಯಾಂಟಲ್: ಇಷ್ಟು ಕಲಕಿದರೂ ಪೂರ್ತಿ ಬೆರೆತಿಲ್ಲ ಏಕೆ?

ಭೂಮಿಯ ತೊಗಟೆಗೂ ತಿರುಳಿಗೂ ನಡುವಿನ ದಪ್ಪ ಪದರವೇ ಮ್ಯಾಂಟಲ್. ಅದರ ಸಂವಹನದ ಪಾಠದಲ್ಲಿ ಬಾಣಗಳ ಚಿತ್ರ ಇದ್ದೇ ಇರುತ್ತದೆ. ಬಿಸಿ ಬಂಡೆ ಮೇಲೇರುತ್ತದೆ, ತಣ್ಣಗಾದದ್ದು ಕೆಳಗಿಳಿಯುತ್ತದೆ. 450 ಕೋಟಿ ವರ್ಷ ಹೀಗೆ ಸುತ್ತಿದ ಮೇಲೆ ಒಳಗಿನದ್ದೆಲ್ಲ ಒಂದೇ ಸಮ ಆಗಿರಬೇಕು ಅನಿಸುತ್ತದೆ, ಅಲ್ವಾ? ಆಗಿಲ್ಲ. ಸಾಗರದ ನಡುವಿನ ಏಣುಗಳಲ್ಲಿ (ಸಮುದ್ರತಳದ ಬೆಟ್ಟಸಾಲುಗಳಲ್ಲಿ) ಬರುವ ಲಾವಾ ಒಂದು ಥರ, ಹವಾಯಿಯಂಥ ದ್ವೀಪಗಳ ಲಾವಾ ಇನ್ನೊಂದು ಥರ. ಯಾಕೆ ಎಂಬುದಕ್ಕೆ ಈ ಟಿಪ್ಪಣಿ.

ಮೊದಲು ವೇಗ ನೋಡೋಣ. ಮ್ಯಾಂಟಲ್ ಕರಗಿದ ದ್ರವವಲ್ಲ, ಬಹುಪಾಲು ಗಟ್ಟಿ ಬಂಡೆ. ಹರಳುಗಳು ನಿಧಾನವಾಗಿ ರೂಪ ಬದಲಿಸುತ್ತಾ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಿಯುತ್ತವೆ. ವರ್ಷಕ್ಕೆ 3 ಸೆಂ.ಮೀ. ಎಂದಿಟ್ಟುಕೊಂಡರೆ, ಸುಮಾರು 2,900 ಕಿ.ಮೀ. ಆಳದ ಮ್ಯಾಂಟಲನ್ನು ಒಮ್ಮೆ ದಾಟಲು ಹತ್ತಿರ ಹತ್ತಿರ 10 ಕೋಟಿ ವರ್ಷ ಬೇಕು. ಅಂದರೆ ಭೂಮಿಯ ಇಡೀ ಆಯಸ್ಸಿನಲ್ಲಿ ಇಂಥ ಪ್ರಯಾಣ ಕೆಲವು ಹತ್ತು ಸಲ ಮಾತ್ರ. ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ತುಂಬಾ ಜಾಸ್ತಿ, ಹಾಗಾಗಿ ನದಿಯಲ್ಲಿ ಕಾಣುವಂಥ ಸುಳಿಗಳು ಇಲ್ಲಿ ಏಳುವುದೇ ಇಲ್ಲ.

ವ್ಯತ್ಯಾಸವನ್ನು ಅಳಿಸುವ ಸಂವಹನವೇ ಹೊಸ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. ಏಣುಗಳ ಕೆಳಗೆ ಮೇಲೇರುವ ಬಂಡೆ ಸ್ವಲ್ಪ ಭಾಗ ಕರಗುತ್ತದೆ. ರುಬಿಡಿಯಂ, ಯುರೇನಿಯಂನಂಥ ಹರಳಿನೊಳಗೆ ಸರಿಯಾಗಿ ಕೂರದ ಧಾತುಗಳು ಕರಗಿದ ಭಾಗಕ್ಕೆ ಹೋಗುತ್ತವೆ. ಆ ಭಾಗ 6–7 ಕಿ.ಮೀ. ದಪ್ಪದ ಸಾಗರ ತೊಗಟೆಯಾಗುತ್ತದೆ, ಸಾರ ಕಳೆದುಕೊಂಡ ಬಂಡೆ ಅದರ ಕೆಳಗೆ ಉಳಿಯುತ್ತದೆ. ಮುಂದೆ ಇವೆರಡನ್ನೂ ಹೊತ್ತ ಭೂಫಲಕ ಕೆಳಗೆ ಜಾರಿದಾಗ ಎರಡೂ ಮ್ಯಾಂಟಲ್‌ಗೆ ವಾಪಸ್. ಜೊತೆಗೆ ಒಂದಿಷ್ಟು ಸಮುದ್ರತಳದ ಹೂಳು.

ಇನ್ನು ಮುಖ್ಯ ವಿಷಯ. ಬೆರೆಯುವುದರಲ್ಲಿ ಎರಡು ಕೆಲಸಗಳಿವೆ. ಹೀಗೆ ವಾಪಸ್ ಬಂದ ತೊಗಟೆಯ ಪಟ್ಟಿಯನ್ನು ಹರಿವು ಎಳೆದು, ಮಡಚಿ, ತೆಳುವಾಗಿಸುತ್ತದೆ. ಆದರೆ ಅದೆಷ್ಟೇ ತೆಳುವಾದರೂ ಪಟ್ಟಿ ಪಟ್ಟಿಯೇ. ಪಕ್ಕದ ಬಂಡೆಯೊಡನೆ ನಿಜವಾಗಿ ಒಂದಾಗಲು ಪರಮಾಣುಗಳೇ ಆಚೆ ಈಚೆ ಸರಿಯಬೇಕು, ಅದು ವಿಸರಣೆಯ ಕೆಲಸ. ಗಟ್ಟಿ ಬಂಡೆಯಲ್ಲಿ ಹೆಚ್ಚಿನ ಧಾತುಗಳು ನೂರು ಕೋಟಿ ವರ್ಷದಲ್ಲೂ ಸೆಂಟಿಮೀಟರ್‌ಗಳಿಂದ ಹಿಡಿದು ಬಹಳವೆಂದರೆ ಕೆಲವು ಮೀಟರ್ ಸರಿಯುತ್ತವೆ, ಅಷ್ಟೆ.

ಹಾಗಾದರೆ 6 ಕಿ.ಮೀ. ತೊಗಟೆ, ವಿಸರಣೆ ಅಳಿಸಬಲ್ಲಷ್ಟು ತೆಳುವಾಗಿ, ಅಂದರೆ 10 ಸೆಂ.ಮೀ.ಗೆ ಇಳಿಯಲು ಎಷ್ಟು ಕಾಲ ಬೇಕು? 60,000 ಪಟ್ಟು ತೆಳುವಾಗಬೇಕು. ಪ್ರತಿ 10 ಕೋಟಿ ವರ್ಷಕ್ಕೆ ದಪ್ಪ ಅರ್ಧವಾಗುತ್ತದೆ ಎಂದು ಊಹಿಸೋಣ. 16 ಸಲ ಅರ್ಧವಾದರೆ ಸಾಕು, 160 ಕೋಟಿ ವರ್ಷ. ಆದರೆ ಹರಿವು ಬರೀ ಪದರದ ಮೇಲೆ ಪದರ ಜಾರಿಸುವಂಥದ್ದಾದರೆ ತೆಳುವಾಗುವಿಕೆ ಕಾಲದ ನೇರ ಅನುಪಾತದಲ್ಲಿರುತ್ತದೆ. ಆಗ 10 ಕೋಟಿ ವರ್ಷಕ್ಕೆ ಒಂದು ಪಟ್ಟಿನ ಲೆಕ್ಕದಲ್ಲಿ 450 ಕೋಟಿ ವರ್ಷದಲ್ಲಿ ಸುಮಾರು 45 ಪಟ್ಟು ಮಾತ್ರ, ಪಟ್ಟಿ ಇನ್ನೂ 130 ಮೀಟರ್ ದಪ್ಪ! ನಿಜವಾದ ಮ್ಯಾಂಟಲ್‌ನಲ್ಲಿ ಎರಡೂ ಬಗೆಯ ಹರಿವು ಇದೆ. ಅದಕ್ಕೇ ಒಂದೇ ವಯಸ್ಸಿನ ಎರಡು ತುಂಡುಗಳಲ್ಲಿ ಒಂದು ಹೆಚ್ಚುಕಡಿಮೆ ಮಾಯವಾಗಿ, ಇನ್ನೊಂದು ದಪ್ಪ ಪಟ್ಟಿಯಾಗಿಯೇ ಉಳಿಯಬಹುದು. ಈ ಲೆಕ್ಕವನ್ನು ನೀವೇ ಒಮ್ಮೆ ಮಾಡಿ ನೋಡಿ. ಅದರಲ್ಲೇ ಅರ್ಧ ಪಾಠ ಇದೆ. ಭೂವಿಜ್ಞಾನಿಗಳಾದ ಅಲ್ಲೆಗ್ರ್ ಮತ್ತು ಟರ್ಕಾಟ್ 1986ರಲ್ಲಿ ಇಂಥ ಪಟ್ಟಿಗಳಿಂದ ತುಂಬಿದ ಮ್ಯಾಂಟಲನ್ನು ಮಾರ್ಬಲ್ ಕೇಕ್‌ಗೆ ಹೋಲಿಸಿದರು.

ಕೆಳ ಮ್ಯಾಂಟಲ್ ಮೇಲಿನದಕ್ಕಿಂತ ಹೆಚ್ಚು ಸ್ನಿಗ್ಧ, ಅಲ್ಲಿ ಕಲಕಾಟ ಇನ್ನೂ ನಿಧಾನ. ಸುತ್ತಲಿನದಕ್ಕಿಂತ ಗಡುಸಾದ ತುಂಡು ಎಳೆತಕ್ಕೆ ಸಿಗದೆ ಸುಮ್ನೆ ಹೊರಳುತ್ತದೆ. ಭಾರವಾದದ್ದು ತಳದಲ್ಲೇ ಕೂರುತ್ತದೆ. ಆಫ್ರಿಕಾ ಮತ್ತು ಪೆಸಿಫಿಕ್ ಕೆಳಗೆ, ಮ್ಯಾಂಟಲ್‌ನ ಬುಡದಲ್ಲಿ, ಭೂಕಂಪದ ಅಲೆಗಳು ನಿಧಾನವಾಗುವ ಎರಡು ಭಾರೀ ಪ್ರದೇಶಗಳಿವೆ. ಅವು ಹೀಗೆ ಉಳಿದ ರಾಶಿಗಳಿರಬಹುದು ಎಂಬುದು ಒಂದು ವಾದ.

ಕಾಲವನ್ನು ಅಳೆಯಲು ಐಸೋಟೋಪ್‌ಗಳು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು, ಬೇಕು. ರುಬಿಡಿಯಂ-87 ಸ್ಟ್ರಾನ್ಷಿಯಂ-87 ಆಗುತ್ತದೆ, ಅರ್ಧಾಯು (ಅರ್ಧ ಪಾಲು ಹೀಗೆ ಬದಲಾಗಲು ಬೇಕಾದ ಕಾಲ) ಸುಮಾರು 4,900 ಕೋಟಿ ವರ್ಷ. ಇಷ್ಟು ನಿಧಾನದ ಗಡಿಯಾರದಲ್ಲಿ ಎದ್ದು ಕಾಣುವ ವ್ಯತ್ಯಾಸ ಬೆಳೆಯಬೇಕಾದರೆ ಆ ತುಂಡು ಬಹಳ ಕಾಲ, ಎಷ್ಟೋ ಕಡೆ ನೂರು ಕೋಟಿ ವರ್ಷಕ್ಕೂ ಮೇಲೆ, ಬೇರೆಯಾಗಿ ಉಳಿದಿರಬೇಕು. ಹ್ಯಾಫ್ನಿಯಂ-182 ಇದಕ್ಕೆ ತದ್ವಿರುದ್ಧ. ಅರ್ಧಾಯು ಸುಮಾರು 89 ಲಕ್ಷ ವರ್ಷ. ಸೌರಮಂಡಲದ ಮೊದಲ ಆರೇಳು ಕೋಟಿ ವರ್ಷದಲ್ಲೇ ಅದು ಬಹುತೇಕ ಮುಗಿದುಹೋಯಿತು. ಹಾಗಾಗಿ ಅದರಿಂದ ಹುಟ್ಟಿದ ಟಂಗ್‌ಸ್ಟನ್-182ರ ವ್ಯತ್ಯಾಸ ಎಲ್ಲೇ ಸಿಕ್ಕರೂ ಅದರ ಬೇರು ಭೂಮಿಯ ಬಾಲ್ಯದಲ್ಲಿದೆ. 2017ರಲ್ಲಿ ಹವಾಯಿ ಮತ್ತು ಸಮೋವಾ ಲಾವಾಗಳಲ್ಲಿ ಟಂಗ್‌ಸ್ಟನ್-182ರ ಕೊರತೆ ವರದಿಯಾಯಿತು. ಇದನ್ನು ಓದಿ ಪುಳಕಗೊಳ್ಳದಿರುವುದು ಕಷ್ಟ. ಆದರೂ ಎಚ್ಚರ: ಭೂಮಿಯ ತಿರುಳಿನಲ್ಲಿ ಟಂಗ್‌ಸ್ಟನ್-182ರ ಪಾಲು ಕಡಿಮೆ, ಅಲ್ಲಿಂದ ಸ್ವಲ್ಪ ಸೋರಿದ್ದರೂ ಇದೇ ಗುರುತು ಬರುತ್ತದೆ. ಇದೊಂದನ್ನೇ ಹಿಡಿದು ಹಳೇ ಮ್ಯಾಂಟಲ್ ಬೆರೆಯದೆ ಉಳಿದಿದೆ ಎಂದು ಬರೆಯಬೇಡಿ.

ಏಣುಗಳ ಲಾವಾ ಹೆಚ್ಚುಕಡಿಮೆ ಒಂದೇ ಥರ ಇರುವುದನ್ನು ನೋಡಿ ಮೇಲಿನ ಮ್ಯಾಂಟಲ್ ಪೂರ್ತಿ ಬೆರೆತಿದೆ ಎನ್ನುವುದೂ ಅವಸರವೇ. ಅಲ್ಲಿ ಬೇರೆ ಬೇರೆ ಪಟ್ಟಿಗಳಿಂದ ಬಂದ ಶಿಲಾರಸ ಮೇಲೇರುವಾಗ ಒಟ್ಟುಗೂಡುತ್ತದೆ. ಬೆರಕೆಯ ಒಂದು ಪಾಲು ನಡೆಯುವುದು ಆ ದ್ರವದಲ್ಲಿ. ಅದೇ ಲಾವಾದ ಆಲಿವಿನ್ ಹರಳುಗಳೊಳಗೆ ಸಿಕ್ಕಿಕೊಂಡ ಶಿಲಾರಸದ ಸೂಕ್ಷ್ಮ ಹನಿಗಳನ್ನು ಅಳೆದರೆ, ಒಂದೇ ಕಲ್ಲಿನಲ್ಲೂ ಹನಿಯಿಂದ ಹನಿಗೆ ಸಂಯೋಜನೆ ಬೇರೆಯಾಗಿರುತ್ತದೆ.